ಗಾಡಿ ತುಂಬುವವರೆಗೆ

ಸಂಜೆ ಮನೆಗೆ ಬಂದ ಕೂಡಲೇ ಪ್ಲಗ್ ಹಚ್ಚಿಟ್ಟ ಗಾಡಿ ಬೆಳಿಗ್ಗೆ ನೋಡಿದರೆ ಅರ್ಧಕ್ಕಿಂತ ತುಸು ಮೇಲೆ ಮಾತ್ರ ತುಂಬಿರುತ್ತಿತ್ತು. ಮೊದಲ ದಿನ, ಪ್ಲಗ್ ಸರಿಯಾಗಿ ಕೂತಿರಲಿಕ್ಕಿಲ್ಲ ಅಂದುಕೊಂಡೆ. ಮರುದಿನ, ರಾತ್ರಿ ಕರೆಂಟು ಹೋಗಿರಬೇಕು ಅಂದುಕೊಂಡೆ. ವಾರವಿಡೀ ಹಾಗೇ ಆದ ಮೇಲೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ.

ನಾನು ಜಮಖಂಡಿಯಲ್ಲಿ ನರ್ಸ್. ದೊಡ್ಡ ಆಸ್ಪತ್ರೆಯವರು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಕಳಿಸಿದ ರೋಗಿಗಳ ಮನೆಗೇ ಹೋಗಿ ಅವರ ನೋವು ಕಡಿಮೆ ಮಾಡುವುದು, ಗಾಯ ತೊಳೆದು ಕಟ್ಟುವುದು, ಮನೆಯವರಿಗೆ ಆರೈಕೆ ಕಲಿಸುವುದು ನನ್ನ ಕೆಲಸ. ಒಂದು ಸಣ್ಣ ಸಂಸ್ಥೆ ಇದನ್ನು ನಡೆಸುತ್ತದೆ. ಜಮಖಂಡಿಯಿಂದ ಮುಧೋಳ, ಲೋಕಾಪುರದವರೆಗೆ ಒಂದು ದಿಕ್ಕು, ರಬಕವಿ-ಬನಹಟ್ಟಿ ಇನ್ನೊಂದು ದಿಕ್ಕು, ಬೀಳಗಿ ಮತ್ತೊಂದು. ಹಳೆಯ ಡೀಸೆಲ್ ವ್ಯಾನು ಮೂಲೆ ಸೇರಿದ ಮೇಲೆ, ತಮ್ಮ ತಾಯಿಯ ಕೊನೆಯ ದಿನಗಳಲ್ಲಿ ನಮ್ಮನ್ನು ಕಂಡಿದ್ದ ಒಂದು ಕುಟುಂಬ ಈ ಬ್ಯಾಟರಿ ಕಾರು ಕೊಟ್ಟಿತು. ಡ್ರೈವರ್ ಇರಲಿಲ್ಲ, ನಾನೇ ಓಡಿಸುತ್ತಿದ್ದೆ. ಆಫೀಸು ಸಂದಿಯೊಳಗಿನ ಮಾಳಿಗೆಯ ಮೇಲಿದ್ದುದರಿಂದ ಗಾಡಿ ನನ್ನ ಬಾಡಿಗೆ ಮನೆಯ ಹಿಂದಿನ ಅಂಗಳದಲ್ಲೇ ನಿಲ್ಲುತ್ತಿತ್ತು, ಅಲ್ಲೇ ಚಾರ್ಜ್ ಆಗುತ್ತಿತ್ತು.

ಅರ್ಧ ತುಂಬಿದ ಗಾಡಿ ಎಂದರೆ ಅರ್ಧ ದಿನದ ಕೆಲಸ. ಮುಧೋಳಕ್ಕೆ ಹೋಗಿ ಬರಬಹುದು, ಲೋಕಾಪುರಕ್ಕೆ ಮುಂದುವರಿಯಲು ಧೈರ್ಯ ಸಾಲದು. ಹಾಗಾಗಿ ದಿನಕ್ಕೊಬ್ಬರಿಗೆ ಫೋನು ಮಾಡಿ “ಇವತ್ತ ಆಗೂದಿಲ್ರಿ, ನಾಳೆ ಬರ್ತೇನಿ” ಎಂದು ಹೇಳಬೇಕಾಗುತ್ತಿತ್ತು. ನಾಳೆ ಎಂಬ ಮಾತು ನಮ್ಮ ರೋಗಿಗಳಿಗೆ ಹೇಳುವಂಥದ್ದಲ್ಲ. ಲೋಕಾಪುರದ ಒಬ್ಬ ಅಜ್ಜಿಗೆ ಹಾಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಫೋನು ಮಾಡಿದಾಗ ಅವರ ಮೊಮ್ಮಗಳು ಎತ್ತಿಕೊಂಡು, “ಇನ್ನ ಬರೂದು ಬ್ಯಾಡ್ರಿ, ನಿನ್ನೆ ಹೋದ್ಳು” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಗಾಡಿ ಮಾರಿದ ಅಂಗಡಿಯ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. “ಗಾಡ್ಯಾಗ ಏನೂ ದೋಷ ಇಲ್ರಿ ಮೇಡಂ. ಮನಿ ಪ್ಲಗ್ಗಿಗೆ ಹಚ್ಚಿದ್ರ ನಿಧಾನನ ತುಂಬತೈತಿ” ಎಂದ. ನಿಧಾನವೆಂದು ಗೊತ್ತು, ಇಷ್ಟೊಂದು ಯಾಕೆ ಅಂತ ಕೇಳಿದೆ. “ಅದು ನಿಮ್ಮ ಮನಿ ಕರೆಂಟಿನ ಮ್ಯಾಲ ಐತ್ರಿ.”

ಆದ್ದರಿಂದ ನಮ್ಮ ಓಣಿಯ ವೈರಮನ್‌ನನ್ನು ಕರೆದೆ. ಭಾನುವಾರ ಮಧ್ಯಾಹ್ನ ಬಂದು ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿದ, ತಕ್ಕಮಟ್ಟಿಗೆ ಇತ್ತು. ಗಾಡಿ ಹಚ್ಚಿ ಮತ್ತೆ ನೋಡಿದ, ಮುಳ್ಳು ಸರ್ರನೆ ಕೆಳಗಿಳಿಯಿತು. ಅವನು ಗೋಡೆಗುಂಟ ವೈರು ಹುಡುಕುತ್ತ ಮುಂಬಾಗಿಲಿನ ಮೀಟರಿನವರೆಗೆ ಹೋದ. ಮನೆ ಉದ್ದ. ಮೀಟರಿನಿಂದ ಹಿಂದಿನ ಅಂಗಳದವರೆಗೆ ಬಂದ ವೈರು ತೆಳ್ಳಗಿತ್ತು, ನಡುವೆ ಎರಡು ಕಡೆ ಗಂಟು ಹಾಕಿ ಟೇಪು ಸುತ್ತಿದ್ದರು. ಪ್ಲಗ್ ಬಿಚ್ಚಿ ತೋರಿಸಿದ, ಒಳಗಿನ ಪ್ಲಾಸ್ಟಿಕ್ ಕಂದಿ ಹೋಗಿತ್ತು.

“ಸಿಸ್ಟರ್, ನಳದಾಗ ನೀರು ಸಣ್ಣಗ ಬಂದ್ರ ಕೊಡ ತುಂಬೂದು ತಡಾ ಆಗತೈತಿ. ಅದರಾಗ ಕೊಡದ್ದೇನ್ ತಪ್ಪ್ರಿ?” ಎಂದ. “ಇಷ್ಟ ಉದ್ದ ಸಣ್ಣ ವೈರಿನ್ಯಾಗ ಕರೆಂಟ್ ಬರೂದ್ರಾಗ ದಾರ್ಯಾಗ ಕಾವಾಗಿ ಹೋಗತೈತಿ. ಪ್ಲಗ್ ಕಾದ್ರ ನಿಮ್ಮ ಡಬ್ಬಿಗೆ ಗೊತ್ತಾಗತೈತಿ. ಅದು ತಾನ ಎಳಿಯೂದು ಕಡಿಮಿ ಮಾಡತೈತಿ.”

ಡಬ್ಬಿ ಎಂದರೆ ಚಾರ್ಜಿಂಗ್ ಕೇಬಲ್ಲಿನ ನಡುವೆ ಇರುವ, ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆ. ಗೋಡೆಯ ಕರೆಂಟು ಗಾಡಿಗೆ ಕೊಡುವಂತಿದೆಯೋ ಇಲ್ಲವೋ ಎಂದು ಅದು ಪರೀಕ್ಷಿಸುತ್ತದೆ. ಸರಿಯಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು.

ಸಂಜೆ ಅವನು ಮತ್ತೊಮ್ಮೆ ಬಂದ. ಎಲ್ಲರ ಮನೆಯಲ್ಲೂ ದೀಪ, ಕೂಲರು, ನೀರಿನ ಮೋಟಾರು ಶುರುವಾಗಿದ್ದವು. ಈಗ ಮೀಟರಿನ ಬಳಿಯೇ ವೋಲ್ಟೇಜ್ ಕುಸಿದಿತ್ತು. ಡಬ್ಬಿಯ ದೀಪ ಕೆಂಪಾಗಿ, ಸ್ವಲ್ಪ ಹೊತ್ತಿಗೆ ತಾನೇ ಹಸಿರಾಗಿ, ಮತ್ತೆ ಕೆಂಪಾಯಿತು. ನಾನು ನೆಮ್ಮದಿಯಿಂದ ಅಡುಗೆ ಮಾಡುತ್ತಿದ್ದ ಹೊತ್ತಿನಲ್ಲೆಲ್ಲ ಗಾಡಿ ಹೀಗೆ ಎರಡು ಗುಟುಕು ಕುಡಿದು ಒಂದು ಗಳಿಗೆ ಕಾಯುತ್ತ ಇರುತ್ತಿತ್ತು.

ಮನೆ ಮಾಲಕಿಯನ್ನು ಒಪ್ಪಿಸಿ ಮೀಟರಿನಿಂದ ನೇರವಾಗಿ ದಪ್ಪ ತಾಮ್ರದ ವೈರು ಎಳೆಸಿದೆವು. ಹೊಸ ಪ್ಲಗ್ ಕೂಡಿಸಿದೆವು. ಅಂಗಳದಲ್ಲಿ ಕುಣಿ ತೋಡಿ ಭೂಮಿಗೆ ಕಬ್ಬಿಣದ ಸರಳು ಇಳಿಸಿ ಅರ್ಥಿಂಗ್ ಹೊಸದಾಗಿ ಮಾಡಿದೆವು. “ಬ್ಯಾಸಗ್ಯಾಗ ಈ ಕುಣಿಗೆ ನೀರ ಹಾಕ್ರಿ. ಒಣಗಿದ್ರ ಡಬ್ಬಿ ಮುನಿಸ್ಕೋತೈತಿ” ಎಂದು ಹೇಳಿ ಹೋದ. ಬೆಳಿಗ್ಗೆ ಮುಕ್ಕಾಲು ಭಾಗ ತುಂಬತೊಡಗಿತು. ಪೂರ್ತಿ ತುಂಬಲು ಬೇರೆ ಮೀಟರು, ಗೋಡೆಗೆ ಹಾಕುವ ದೊಡ್ಡ ಚಾರ್ಜರು ಬೇಕಿತ್ತು. ಸಂಸ್ಥೆಯವರು ಅರ್ಜಿ ಹಾಕಿದರು, ಕಾಯಬೇಕಿತ್ತು.

ನಮ್ಮ ಡಾಕ್ಟರರೂ ನಾನೂ ಕುಳಿತು ಒಂದು ಕ್ರಮ ಮಾಡಿಕೊಂಡೆವು. ಗಾಡಿ ಕಡಿಮೆ ತುಂಬಿದ ದಿನ ಮೊದಲು ನೋವು ಇರುವವರು, ನಂತರ ಗಾಯ ಇರುವವರು, ಉಳಿದವರಿಗೆ ಫೋನು. ಕ್ರಮ ಮಾಡುವಾಗ ಅದು ಸುಲಭವಾಗಿಯೇ ಕಂಡಿತ್ತು.

ಬೇಸಿಗೆಯ ಕೊನೆಗೆ ಒಂದು ಸಂಜೆ ಗಾಳಿ ಎದ್ದು, ನಾಲ್ಕು ದಪ್ಪ ಹನಿ ಬಿದ್ದು, ಎಲ್ಲೋ ಕಂಬ ಉರುಳಿ ಕರೆಂಟು ಹೋಯಿತು. ಬೆಳಿಗ್ಗೆ ಗಾಡಿಯಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಇತ್ತು. ಆ ದಿನ ಬನಹಟ್ಟಿಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಅಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಒಬ್ಬ ಹೆಂಗಸಿಗೆ ಎದೆಯ ಕ್ಯಾನ್ಸರ್ ಹೊರಗೆ ಒಡೆದು ದೊಡ್ಡ ಗಾಯವಾಗಿತ್ತು. ದಿನ ಬಿಟ್ಟು ದಿನ ತೊಳೆದು ಔಷಧದ ಪುಡಿ ಉದುರಿಸಿ ಕಟ್ಟದಿದ್ದರೆ ವಾಸನೆ ಬರುತ್ತಿತ್ತು. ನೋವಿಗಿಂತ ಆ ವಾಸನೆಯೇ ಆಕೆಯನ್ನು ಕೊಲ್ಲುತ್ತಿತ್ತು. ಬನಹಟ್ಟಿಗೆ ಹೋಗಿ ಬರಲು ಇದ್ದ ಚಾರ್ಜು ಸಾಕಾಗುತ್ತಿತ್ತು.

ಚೀಲ ಗಾಡಿಯಲ್ಲಿಡುವಾಗ ಬೀಳಗಿ ಕಡೆಯಿಂದ ಫೋನು ಬಂತು. ನದಿಯ ಹಿನ್ನೀರಿನಲ್ಲಿ ಮುಳುಗಿದ ಊರಿನವರಿಗೆ ಕಟ್ಟಿಕೊಟ್ಟ ಹೊಸ ಊರಿನಲ್ಲಿ ಸರಕಾರಿ ಬಸ್ಸಿನ ನಿವೃತ್ತ ಡ್ರೈವರೊಬ್ಬರು ಶ್ವಾಸಕೋಶದ ಕ್ಯಾನ್ಸರಿನಿಂದ ಮಲಗಿದ್ದರು. ಫೋನಿನಲ್ಲಿದ್ದವಳು ಅವರ ಮಗಳು.

“ಬಾಯಾರ, ಅಪ್ಪ ರಾತ್ರಿಯಿಂದ ಭಾಳ ಒದ್ದಾಡಾಕತ್ತಾನ್ರಿ. ಗುಳಿಗಿ ನುಂಗಾಕ ಬರವಲ್ದು. ದಮ್ಮ ಹತ್ತೈತಿ. ಏನ್ ಮಾಡೂನ್ರಿ?”

ಡಾಕ್ಟರರಿಗೆ ಫೋನು ಮಾಡಿದೆ. ಗುಳಿಗೆ ಇಳಿಯುವುದಿಲ್ಲ ಎಂದರೆ ಚರ್ಮದಡಿ ಇಂಜೆಕ್ಷನ್ನೇ ಕೊಡಬೇಕು, ಕೊನೆ ಹತ್ತಿರ ಬಂದಂತಿದೆ ಎಂದರು. ಅವರು ಆ ದಿನ ದೂರದ ಊರಲ್ಲಿದ್ದರು. ನಾನು ಗಾಡಿಯ ಪರದೆ ನೋಡಿದೆ. ಬೀಳಗಿಯಾಚೆಯ ಆ ಊರನ್ನು ಮುಟ್ಟಬಹುದು, ತಿರುಗಿ ಬರಲಾಗದು. ಆ ದಾರಿಯಲ್ಲಿ ದೊಡ್ಡ ಚಾರ್ಜರೂ ಇಲ್ಲ. ಬಸ್ಸು ಹಿಡಿದರೆ ಎರಡು ಕಡೆ ಬದಲಿಸಿ ಮಧ್ಯಾಹ್ನವಾಗುತ್ತದೆ.

“ಆ ಮನೆಯಲ್ಲೇ ಪ್ಲಗ್ ಹಚ್ಚುತ್ತೇನೆ. ಎಷ್ಟು ಹೊತ್ತಾಗುತ್ತೋ ಆಗಲಿ” ಎಂದೆ.

ಡಾಕ್ಟರರು, “ಹಾಗಾದರೆ ಬನಹಟ್ಟಿ ಇವತ್ತಿಗೆ ಹೋಯಿತು” ಎಂದರು.

“ಗೊತ್ತು.”

ಬನಹಟ್ಟಿಗೆ ಫೋನು ಮಾಡಿದೆ. ಗಂಡ ಎತ್ತಿಕೊಂಡ. ಹಿಂದೆ ಮಗ್ಗಗಳ ಸದ್ದು. ಅವನಿಗೆ ಕೇಳಿಸದೆ ಫೋನನ್ನು ಹೆಂಡತಿಗೇ ಕೊಟ್ಟ. ಇವತ್ತು ಬರಲಾಗುವುದಿಲ್ಲ, ಒಬ್ಬರ ಸ್ಥಿತಿ ಕೆಟ್ಟಿದೆ ಎಂದು ಹೇಳಿದೆ. “ಆತ್ರಿ ಅಕ್ಕಾರ. ಅರಿವಿ ಮ್ಯಾಲ ಅರಿವಿ ಕಟ್ಕೋತೇನಿ” ಅಂದಳು.

ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿ, ಎತ್ತಿನ ಗಾಡಿಗಿಂತ ಸ್ವಲ್ಪವೇ ಜೋರಾಗಿ ಎಂಬಂತೆ ಓಡಿಸಿದೆ. ಏರು ಬಂದಲ್ಲಿ ಪರದೆಯ ಅಂಕಿ ಇಳಿಯುವುದನ್ನು ನೋಡುತ್ತ, ಇಳಿಜಾರಿನಲ್ಲಿ ಕಾಲು ತೆಗೆದು ಅದು ತುಸು ಹಿಂದಿರುಗುವುದನ್ನು ನೋಡುತ್ತ ಹೋದೆ. ಮನೆಯ ಮುಂದೆ ನಿಲ್ಲಿಸಿದಾಗ ಪರದೆ ಕೆಂಪಗಾಗಿತ್ತು.

ಒಳಗೆ ಅವರು ಗೋಡೆಗೆ ದಿಂಬು ಆನಿಸಿ ಕುಳಿತು ಪ್ರತಿ ಉಸಿರಿಗೂ ಹೆಗಲು ಎತ್ತುತ್ತಿದ್ದರು. ಇಂಜೆಕ್ಷನ್ ಕೊಟ್ಟೆ. ಮಗ್ಗುಲು ಬದಲಿಸಿ, ಕಿಟಕಿ ತೆರೆದು, ಮುಖಕ್ಕೆ ಗಾಳಿ ಬರುವಂತೆ ಮಂಚ ತಿರುಗಿಸಿದೆವು. ನಿಧಾನವಾಗಿ ಹೆಗಲು ಇಳಿದವು.

ಅವರಿಗೆ ತುಸು ನಿದ್ದೆ ಹತ್ತಿದ ಮೇಲೆ ಹೊರಗೆ ಬಂದು ಪಡಸಾಲೆಯ ಪ್ಲಗ್ಗಿಗೆ ಕೇಬಲ್ ಹಚ್ಚಿದೆ. ಡಬ್ಬಿಯಲ್ಲಿ ಕೆಂಪು ದೀಪ. ತೆಗೆದು ಮತ್ತೆ ಹಚ್ಚಿದೆ, ಮತ್ತೆ ಕೆಂಪು. ನನ್ನ ವೈರಮನ್‌ಗೆ ಫೋನು ಮಾಡಿದೆ. ದೀಪ ಹೇಗೆ ಮಿಣುಕುತ್ತದೆ ಎಂದು ಕೇಳಿ, “ಅದು ಅರ್ಥಿಂಗ್ ಬೇಡಾಕತ್ತೈತ್ರಿ. ಆ ಮನಿ ಅರ್ಥ್ ಕುಣಿ ಒಣಗಿರಬೇಕು. ಉಪ್ಪಿನ ನೀರ ಹಾಕಿಸಿ ನೋಡ್ರಿ” ಎಂದ.

ಮಗಳು ಮನೆಯ ಹಿಂದೆ ಕಸದಲ್ಲಿ ಹುದುಗಿದ್ದ ಅರ್ಥ್ ಕುಣಿಯ ಕೊಳವೆಯನ್ನು ಹುಡುಕಿ ತೆಗೆದಳು. ಒಂದು ಹಿಡಿ ಉಪ್ಪು ಹಾಕಿ ಕೊಡ ನೀರು ಸುರಿದಳು. ಬಿರುಕು ಬಿಟ್ಟ ಮಣ್ಣು ಅದನ್ನು ಸದ್ದಿಲ್ಲದೆ ಕುಡಿಯಿತು. ಇನ್ನೊಂದು ಕೊಡ, ಮತ್ತೊಂದು. ಮಣ್ಣಿನ ಮೇಲೆ ನೀರು ನಿಂತ ಮೇಲೆ ಹಚ್ಚಿದರೆ ದೀಪ ಹಸಿರಾಯಿತು. ತಿರುಗಿ ಜಮಖಂಡಿ ಮುಟ್ಟುವಷ್ಟು ತುಂಬಲು ಸಂಜೆಯಾಗುತ್ತದೆ ಎಂದು ಪರದೆ ತೋರಿಸಿತು.

ಸಾಮಾನ್ಯವಾಗಿ ಈ ಹೊತ್ತಿಗೆ ನಾನು ಚೀಲ ಮುಚ್ಚಿ, ಔಷಧಿ ಹೇಳಿ, “ಏನರ ಇದ್ರ ಫೋನ್ ಮಾಡ್ರಿ” ಎಂದು ಎದ್ದಿರುತ್ತಿದ್ದೆ. ಈ ಮನೆಗೆ ನಾಲ್ಕಾರು ಸಲ ಬಂದಿದ್ದೇನೆ, ಒಮ್ಮೆಯೂ ಚಹಾ ಆರುವವರೆಗೆ ಕುಳಿತಿರಲಿಲ್ಲ. ಅಂದು ಎದ್ದು ಹೋಗಲು ದಾರಿಯಿರಲಿಲ್ಲ. ಮಂಚದ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ.

ಕುಳಿತಿದ್ದರಿಂದ ಕಂಡ ಸಂಗತಿಗಳಿವೆ. ಊಟದ ಹೊತ್ತಿಗೆ ಅವರ ಹೆಂಡತಿ ಬಟ್ಟಲಲ್ಲಿ ಗಂಜಿ ತಂದು ಗಂಡನ ತಲೆ ಎತ್ತಿ ಚಮಚದಿಂದ ಬಾಯಿಗೆ ಬಿಡಹೋದರು. ಅವರು ನುಂಗಲಾರದೆ ಕೆಮ್ಮಿ, ಮುಖ ನೀಲಿಯಾಗಿ ಒದ್ದಾಡಿದರು. ದಿನಕ್ಕೆ ಮೂರು ಹೊತ್ತು ಇದೇ ನಡೆಯುತ್ತಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಊಟದ ಹೊತ್ತಿನಲ್ಲಿ ನಾನು ಆ ಮನೆಯಲ್ಲಿ ಇದ್ದುದೇ ಇಲ್ಲ.

ಚಮಚ ಹಿಡಿದ ಅವರ ಕೈ ಹಿಡಿದುಕೊಂಡು, “ಇನ್ನ ಬ್ಯಾಡ್ರಿ. ಅವರಿಗೆ ಹಸಿವಿ ಇಲ್ಲ. ಇದು ಹೊಟ್ಟಿಗಲ್ಲ, ಎದ್ಯಾಗ ಹೋಗಾಕತ್ತೈತಿ” ಎಂದೆ.

“ಉಪವಾಸ ಕೆಡವಿ ಸಾಯಿಸಿದ್ಳು ಅಂತಾರ್ರಿ ಬಾಯಾರ ಮಂದಿ” ಎಂದರು. “ನೀರರ ಕೊಡಲೇನ್ರಿ? ಬಾಯಿ ಒಣಗಿಸ್ಕೊಂಡ ಹೋಗಬಾರ್ದ್ರಿ ಅವರು.”

ಸ್ವಚ್ಛ ಅರಿವೆಯ ತುದಿಯನ್ನು ನೀರಲ್ಲಿ ಅದ್ದಿ ಹಿಂಡಿ, ತುಟಿ, ವಸಡು, ನಾಲಗೆ ಒರೆಸುವುದನ್ನು ತೋರಿಸಿದೆ. ಒಂದು ಸಲ ಮಾಡಿದ್ದೇ ಆ ಹೆಂಗಸು ಅದನ್ನು ಬಿಡಲಿಲ್ಲ. ಗಂಡನಿಗೆ ಕೊಡಲು ಕೊನೆಗೂ ಏನೋ ಒಂದು ಸಿಕ್ಕಿತ್ತು.

ಮಧ್ಯಾಹ್ನ ಅವರು ಕಣ್ಣು ತೆರೆದರು. ಬಾಗಿಲಾಚೆಯ ಗಾಡಿಯನ್ನು ನೋಡಿದರು.

“ಗಾಡಿ ಯಾಕ ನಿಂತೈತಿ?”

“ಚಾರ್ಜಿಗೆ ಹಚ್ಚೇನ್ರಿ.”

“ಎಷ್ಟೊತ್ತ?”

“ಸಂಜಿ ಆಗತೈತ್ರಿ.”

ಅವರು ಉಸಿರು ಕೂಡಿಸಿಕೊಂಡು, “ಡಿಪೋದಾಗ ಇಷ್ಟ ತಡಾ ಮಾಡಿದ್ರ ಮೆಮೊ ಕೊಡ್ತಿದ್ರು” ಎಂದರು. ಮಗಳು ನಕ್ಕಳು, ನಗುತ್ತಲೇ ಅತ್ತಳು. “ಆಗಲಿ. ಅವಸರ ಇಲ್ಲ” ಎಂದು ಅವರೇ ಮುಂದುವರಿಸಿದರು. ಆಮೇಲೆ ಅವರು ಮಾತಾಡಲಿಲ್ಲ.

ಉಸಿರಿನಲ್ಲಿ ಗೊರಗೊರ ಶುರುವಾಯಿತು. ಅದು ಅವರಿಗೆ ತ್ರಾಸಲ್ಲ, ಕೇಳುವವರಿಗೆ ತ್ರಾಸು ಎಂದು ಇಬ್ಬರಿಗೂ ಹೇಳಿದೆ. ಡಾಕ್ಟರರನ್ನು ಕೇಳಿ ಇನ್ನೊಂದು ಇಂಜೆಕ್ಷನ್ ಕೊಟ್ಟೆ. ಹೊತ್ತು ಇಳಿಯುವ ಮೊದಲು ಕರೆಂಟು ಹೋಯಿತು. ಮೇಲಿನ ಪಂಖ ನಿಧಾನವಾಗಿ ನಿಂತಿತು. ಆ ಸದ್ದು ನಿಂತ ಮೇಲೆ ಕೋಣೆಯಲ್ಲಿ ಅವರ ಉಸಿರೊಂದೇ ಉಳಿಯಿತು. ಹೊರಗೆ ಡಬ್ಬಿಯ ದೀಪ ಆರಿರಬೇಕು, ಇನ್ನೂ ಎಷ್ಟು ಹೊತ್ತೋ ಎಂದು ಒಮ್ಮೆ ಮನಸ್ಸಿಗೆ ಬಂತು. ಆಮೇಲೆ ಅದನ್ನು ಮರೆತೆ.

ಹೆಂಡತಿ ಸೆರಗಿನಿಂದ ಗಾಳಿ ಹಾಕುತ್ತ ಕುಳಿತರು. ಉಸಿರಿನ ನಡುವೆ ಅಂತರ ಹೆಚ್ಚಿತು. ಒಂದು ಉಸಿರಿನ ನಂತರ ನಾವು ಮೂವರೂ ಮುಂದಿನದಕ್ಕಾಗಿ ಕಾದೆವು. ಬರಲಿಲ್ಲ. ನಾನು ನಾಡಿ ನೋಡಿ ಮಗಳ ಕಡೆ ತಲೆಯಾಡಿಸಿದೆ. ತಾಯಿ ಗಾಳಿ ಹಾಕುತ್ತಲೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ಕರೆಂಟು ಬಂತು, ಪಂಖ ತಿರುಗಿತು. ಆಗ ಅವರು ತಲೆ ಎತ್ತಿ ಪಂಖ ನೋಡಿ, ಗಂಡನ ಮುಖ ನೋಡಿ, ಸೆರಗನ್ನು ಮಡಿಲಿಗೆ ಬಿಟ್ಟರು.

ಮಗಳೂ ನಾನೂ ಸೇರಿ ಮೈ ಒರೆಸಿದೆವು. ನೆರೆಯವರು ಬಂದರು, ಅಳು ಎದ್ದಿತು. ನಾನು ಬಾಗಿಲ ಹೊರಗೆ ನಿಂತಾಗ ಆ ತಾಯಿ ಒಳಗಿಂದ ಎದ್ದು ಬಂದು ನನ್ನ ಕೈ ಹಿಡಿದರು. “ಗಾಡಿ ತುಂಬೈತೇನ್ರಿ?”

“ಇನ್ನಾ ಸ್ವಲ್ಪ ಐತ್ರಿ.”

“ಹಂಗಾರ ಒಳಗ ಬರ್ರಿ, ಕುಂದರ್ರಿ.”

ಹೋಗಿ ಕುಳಿತೆ.

ಮರುದಿನ ಬೆಳಿಗ್ಗೆ ಮೊದಲು ಬನಹಟ್ಟಿಗೆ ಹೋದೆ. ಗಂಡ ಮಗ್ಗ ನಿಲ್ಲಿಸಿ ಕಟ್ಟೆಯ ಮೇಲೆ ಕುಳಿತಿದ್ದ. ಆಕೆ ಹಿಂದಿನ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅರಿವೆ ಮೇಲೆ ಅರಿವೆ ಸುತ್ತಿದ್ದರೂ ಸೀರೆಯವರೆಗೆ ನೆನೆದಿತ್ತು. ಹಿಂದಿನ ಸಂಜೆ ಬೀಗಿತ್ತಿಯೊಬ್ಬಳು ಮಾತಾಡಿಸಲು ಬಂದು, ಹೊಸ್ತಿಲಲ್ಲೇ ಮೂಗಿಗೆ ಸೆರಗು ಹಿಡಿದು ಹೊರಟುಹೋಗಿದ್ದಳು. ನಾನು ಒಂದೊಂದೇ ಪದರ ನೆನೆಸಿ ಬಿಡಿಸಿ, ಗಾಯ ತೊಳೆದು, ಪುಡಿ ಉದುರಿಸಿ, ಕಟ್ಟಿದೆ. ಆಕೆ ಹಲ್ಲು ಕಚ್ಚಿ ಕುಳಿತಿದ್ದಳು.

ಕೊನೆಯ ಪಟ್ಟಿ ಅಂಟಿಸಿದ ಮೇಲೆ ಕೇಳಿದಳು. “ಅವರು ಉಳದ್ರೇನ್ರಿ?”

“ಇಲ್ರಿ. ಹೋದ್ರು.”

“ತ್ರಾಸಾತೇನ್ರಿ?”

“ಕಡೀಕ ಆಗಲಿಲ್ಲ.”

“ನೀವ ಅಲ್ಲೇ ಇದ್ರ್ಯಾ?”

ಗಾಡಿ ಖಾಲಿಯಾದದ್ದು, ಉಪ್ಪಿನ ನೀರು ಹಾಕಿದ್ದು, ಸಂಜೆಯವರೆಗೆ ಕುಳಿತದ್ದು ಎಲ್ಲ ಹೇಳಿದೆ. ನನ್ನಿಂದ ಆಕೆಯ ಪಾಲಿನ ದಿನ ಹೋಯಿತು, ಅದಕ್ಕೆ ಬೇಸರವಿದೆ ಎಂದೂ ಹೇಳಿದೆ. ಆಕೆ ಹೊಸ ಪಟ್ಟಿಯ ಮೇಲೆ ಕೈಯಾಡಿಸುತ್ತ ಕೇಳಿಸಿಕೊಂಡಳು.

“ನನ್ನ ಪಾಳಿ ಬಂದಾಗೂ ಗಾಡಿ ಖಾಲಿ ಮಾಡ್ಕೊಂಡ ಬರ್ರಿ ಅಕ್ಕಾರ” ಅಂದಳು.

ಮಳೆಗಾಲದ ನಡುವೆ ಬೇರೆ ಮೀಟರು ಬಂತು. ಗೋಡೆಗೆ ದೊಡ್ಡ ಚಾರ್ಜರು ಕೂಡಿಸಿದರು. ವೈರಮನ್ ಬಂದು ವೋಲ್ಟೇಜ್ ನೋಡಿ, ಇನ್ನು ಚಿಂತೆಯಿಲ್ಲ ಎಂದ. ಬೆಳಗಾಗುವ ಹೊತ್ತಿಗೆ ಗಾಡಿ ಪೂರ್ತಿ ತುಂಬಿರುತ್ತಿತ್ತು. ಲೋಕಾಪುರ ಆಯಿತು, ಚಿಕ್ಕಪಡಸಲಗಿ ಆಯಿತು, ‘ನಾಳೆ ಬರ್ತೇನಿ’ ಎಂಬ ಫೋನು ಬಹುಮಟ್ಟಿಗೆ ನಿಂತಿತು. ಮನೆಗಳು ಹೆಚ್ಚಿದವು. ಒಂದು ಮನೆಯಲ್ಲಿ ಕೂಡುವ ಹೊತ್ತು ಮತ್ತೆ ಮೊದಲಿನಷ್ಟೇ ಆಯಿತು. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಈಗಲೂ ಹೇಳಲು ಬರುವುದಿಲ್ಲ. ಔಷಧಿ ಎಲ್ಲರಿಗೂ ಹೊತ್ತಿಗೆ ಮುಟ್ಟುತ್ತಿದೆ ಎಂಬುದು ನಿಜ.

ಚಳಿ ಶುರುವಾಗುವಾಗ ಬನಹಟ್ಟಿಯ ಆಕೆ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಗಂಡ ಫೋನು ಮಾಡಿ, “ಕಣ್ಣ ತಗೀವಲ್ಳು, ಬರ್ರಿ” ಎಂದ. ಹೋಗಿ ನೋಡಿದೆ. ಕೈಕಾಲು ತಣ್ಣಗಾಗತೊಡಗಿದ್ದವು. ಆ ದಿನ ಇನ್ನೂ ಮೂರು ಮನೆ ಬಾಕಿ ಇದ್ದವು. ಹೊರಗೆ ಬಂದು ಡಾಕ್ಟರರಿಗೆ ಫೋನು ಮಾಡಿದೆ. ಒಂದು ಮನೆಗೆ ಅವರೇ ಹೋಗುವುದಾಗಿ ಹೇಳಿದರು. ಉಳಿದ ಎರಡು ಮನೆಗೆ ನಾನೇ ಫೋನು ಮಾಡಿ, ಇವತ್ತು ಆಗುವುದಿಲ್ಲ ಎಂದೆ. ಒಬ್ಬರು ಬೈದರು.

ಗಂಡ ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. “ಅಕ್ಕಾರ, ಇವತ್ತ ಗಾಡಿ ಹಚ್ಚೂದೈತೇನ್ರಿ? ಆಕಿ ಹೇಳಿಟ್ಟಾಳ್ರಿ, ಮಗ್ಗದ ಪ್ಲಗ್ಗ ಕೊಡ ಅಂತ.”

ಬೇಕಿರಲಿಲ್ಲ. “ಹಚ್ಚೂದೈತ್ರಿ” ಎಂದೆ.

ಅವನು ಓಡುತ್ತಿದ್ದ ಮಗ್ಗ ನಿಲ್ಲಿಸಿ ಪ್ಲಗ್ ಬಿಡಿಸಿ ಕೊಟ್ಟ. ನಾನು ಡಿಕ್ಕಿಯಿಂದ ಹಳೆಯ ಕೇಬಲ್ ತೆಗೆದು ಕಿಟಕಿಯಿಂದ ಎಳೆದು ಗಾಡಿಗೆ ಹಚ್ಚಿದೆ. ಹಸಿರು ದೀಪ ಹತ್ತಿತು. ಅಷ್ಟೇ, ಹೆಚ್ಚುಕಡಿಮೆ ತುಂಬಿಯೇ ಇದ್ದ ಗಾಡಿಗೆ ಎಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ.

ಒಳಗೆ ಹೋಗಿ ಆಕೆಯ ತಲೆಯ ಹತ್ತಿರ ಕುಳಿತು, ಒದ್ದೆ ಅರಿವೆಯಿಂದ ತುಟಿ ಒರೆಸಿದೆ. ಮಗ್ಗ ನಿಂತದ್ದಕ್ಕೋ ಏನೋ ಕಣ್ಣು ಅರೆಬರೆ ತೆರೆದಳು. ನನ್ನ ಗುರುತು ಹಿಡಿಯಲು ಹೊತ್ತಾಯಿತು.

“ಗಾಡಿ?” ಅಂದಳು. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು.

“ಪೂರಾ ಖಾಲಿ ಐತಿ” ಎಂದೆ.